ಮಂಗಳನ ಕಂಪನ ಹುಡುಕುವುದು ಹೇಗೆ? ತಗಡಿನ ಸದ್ದಿಗೆ ಮೋಸ ಹೋಗಬೇಡಿ

ಬಳ್ಳಾರಿ, ಕೊಪ್ಪಳ ಕಡೆಯ ಕಾಲೇಜುಗಳಲ್ಲಿ ‘ಮಂಗಳನ ಒಡಲು’ ಎಂದು ಪ್ರಾಜೆಕ್ಟ್ ಮಾಡುವವರು ಎಡವುವುದು ಹೆಚ್ಚಾಗಿ ಒಂದೇ ಕಡೆ. ಉಪಕರಣದ ಒಳಗಿನ ಸದ್ದನ್ನೇ ಕಂಪನವೆಂದು ಚಾರ್ಟಿಗೆ ಅಂಟಿಸಿಬಿಡುತ್ತಾರೆ. ನಾಸಾದ ಇನ್‌ಸೈಟ್ ನೌಕೆ 2018ರ ನವೆಂಬರ್ 26ರಂದು ಇಳಿದು, 2022ರ ಡಿಸೆಂಬರ್‌ವರೆಗೆ 1,300ಕ್ಕೂ ಹೆಚ್ಚು ಕಂಪನ ದಾಖಲಿಸಿದೆ. ಆ ದತ್ತಾಂಶ ಎಲ್ಲರಿಗೂ ಉಚಿತ, ಸಾಧಾರಣ ಲ್ಯಾಪ್‌ಟಾಪ್ ಸಾಕು.

ಮೊದಲು ಪೈಥಾನ್ ಜೊತೆ ಆಬ್ಸ್‌ಪೈ (ಕಂಪನದ ದತ್ತಾಂಶ ಓದುವ ಪೈಥಾನ್ ಲೈಬ್ರರಿ) ಹಾಕಿಕೊಳ್ಳಿ. ಕೊಂಡಾ ಎಂಬ ಇನ್‌ಸ್ಟಾಲ್ ಸಾಧನದ ಮೂಲಕವೇ ಹಾಕಿ, ತಲೆನೋವು ಕಡಿಮೆ.

ಇಳಿಸಿಕೊಳ್ಳಬೇಕಾದದ್ದು: ನೆಟ್‌ವರ್ಕ್ ಎಕ್ಸ್‌ಬಿ, ಸ್ಟೇಷನ್ ಇ-ಎಲ್-ವೈ-ಎಸ್-ಇ, ಲೊಕೇಶನ್ 02, ಚಾನೆಲ್ ಬಿಎಚ್‌ಯು, ಬಿಎಚ್‌ವಿ, ಬಿಎಚ್‌ಡಬ್ಲ್ಯು. ಸೆಕೆಂಡಿಗೆ 20 ಅಳತೆ. ನಾಲ್ಕು ಗಂಟೆಯದನ್ನು ಇಳಿಸಿದರೂ ನಾಲ್ಕು ಎಂಬಿ ದಾಟುವುದಿಲ್ಲ, ಕರೆಂಟು ಹೋದರೂ ಮೊಬೈಲ್ ಹಾಟ್‌ಸ್ಪಾಟಿನಲ್ಲೇ ಮುಗಿಯುತ್ತದೆ. ಯಾವ ಕಂಪನ? 2019ರ ಜುಲೈ 26ರ ಎಸ್0235ಬಿ. ಮೇ 23ರ ಎಸ್0173ಎ ಕೂಡ ಹೆಸರಾದದ್ದೇ, ಆದರೆ ಅದರ ಪಿ ಅಲೆಯ (ಮೊದಲು ಬರುವ ವೇಗದ ಅಲೆ) ಬೆನ್ನಿಗೇ ಒಂದು ಗ್ಲಿಚ್ (ಉಪಕರಣದ ಒಳಗಿನದೇ ಸದ್ದು) ಕೂತಿದೆ. ಹೊಸಬರು ಅದನ್ನು ಮುಟ್ಟದಿರುವುದೇ ಲೇಸು. ಗಂಟೆಯನ್ನು ಯುಟಿಸಿಯಲ್ಲೇ (ಜಾಗತಿಕ ಪ್ರಮಾಣ ಸಮಯ) ಕೊಡಿ: ಪಿ ಅಲೆ ಬರುವುದು ಸುಮಾರು 12:19ಕ್ಕೆ. ನಮ್ಮ ಗಡಿಯಾರದ 17:49 ಎಂದು ಕೊಟ್ಟರೆ ಬರೀ ಗಾಳಿಯ ಗದ್ದಲ ಸಿಕ್ಕೀತು.

ಇನ್ನು ಗ್ಲಿಚ್. ಬಿಸಿಲಿಗೆ ಕಾದ ತಗಡಿನ ಶೀಟು ಸಂಜೆ ತಣಿಯುವಾಗ ‘ಪಟ್’ ಅನ್ನುವುದನ್ನು ಬಳ್ಳಾರಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಂಗಳನ ಮೇಲಿನ ಸೆನ್ಸರ್ ಕೂಡ ಹಾಗೆಯೇ: ಚಳಿ ಏರಿದಂತೆ ಒಳಗಿನ ಲೋಹದ ಬಿಗಿತ ಥಟ್ಟನೆ ಸಡಿಲುತ್ತದೆ. ಗುರುತು ಹೀಗೆ. ಗ್ಲಿಚ್ ಒಮ್ಮೆಲೇ ಚಿಮ್ಮಿ ಇಪ್ಪತ್ತು–ಮೂವತ್ತು ಸೆಕೆಂಡಿನಲ್ಲಿ ಇಳಿಯುತ್ತದೆ, ಪ್ರತಿ ಸಲವೂ ಒಂದೇ ಅಚ್ಚು, ಎಷ್ಟೋ ಸಲ ಮೂರರಲ್ಲಿ ಒಂದು ಚಾನೆಲಿನಲ್ಲಷ್ಟೇ ಜೋರು. ನಿಜವಾದ ಕಂಪನ ಮೆಲ್ಲಗೆ ಉಬ್ಬಿ ನಿಮಿಷಗಟ್ಟಲೆ ಬಾಲ ಎಳೆಯುತ್ತದೆ. ಗ್ಲಿಚ್ ತೆಗೆಯುವುದು ಕಚ್ಚಾ ಚಾನೆಲುಗಳಲ್ಲೇ ಆಗಬೇಕು. ಅಕ್ಷ ತಿರುಗಿಸಿದ ಮೇಲೆ ಒಂದರ ಕೊಳೆ ಮೂರಕ್ಕೂ ಮೆತ್ತಿಕೊಳ್ಳುತ್ತದೆ.

ಅಕ್ಷ ಏಕೆ ತಿರುಗಿಸಬೇಕು? ಮೂರು ಸೆನ್ಸರುಗಳು ಒಲೆಯ ಮೂರು ಗುಂಡಿನ ಹಾಗೆ 120 ಡಿಗ್ರಿಗೊಂದರಂತೆ ಕೂತಿವೆ, ಮೂರೂ ನೆಲಕ್ಕೆ ಸುಮಾರು 30 ಡಿಗ್ರಿ ಓರೆ. ‘ಯು’ ಎಂದರೆ ‘ಅಪ್’ ಎಂದುಕೊಂಡು ಅದನ್ನೇ ಲಂಬ ಚಲನೆ ಎಂದು ತೋರಿಸುವವರಿದ್ದಾರೆ, ಅಲ್ಲಿಗೆ ದಿಕ್ಕಿನ ಲೆಕ್ಕ ಪೂರ್ತಿ ಕೆಟ್ಟಿತು. ಸ್ಟೇಷನ್ನಿನ ಇನ್ವೆಂಟರಿ ಫೈಲನ್ನೂ (ಸೆನ್ಸರುಗಳ ವಿವರ ಇರುವುದು) ಇಳಿಸಿ, ಮೂರು ಚಾನೆಲಿನ ಆರಂಭ ಮತ್ತು ಉದ್ದವನ್ನು ಸಮ ಮಾಡಿ (ಒಂದು ಅಳತೆ ಹೆಚ್ಚುಕಮ್ಮಿಯಾದರೂ ಎರರ್ ಬರುತ್ತದೆ), ಉಪಕರಣದ ಪ್ರತಿಕ್ರಿಯೆ ಕಳೆದು, ಆಮೇಲೆ ಲಂಬ, ಉತ್ತರ, ಪೂರ್ವ ದಿಕ್ಕುಗಳಿಗೆ ತಿರುಗಿಸಿ. ಪ್ರತಿಕ್ರಿಯೆ ಕಳೆಯುವಾಗ ಪ್ರಿ-ಫಿಲ್ಟರ್ (ಬೇಡದ ಆವರ್ತನಗಳನ್ನು ಮೊದಲೇ ತಡೆಯುವುದು) ಹಾಕದಿದ್ದರೆ ನಿಧಾನಗತಿಯ ಏರಿಳಿತ ಉಬ್ಬಿ ಕಂಪನವನ್ನೇ ನುಂಗುತ್ತದೆ.

ಫಿಲ್ಟರ್ 0.2ರಿಂದ 0.8 ಹರ್ಟ್ಸ್. 1 ಹರ್ಟ್ಸಿಗೆ ಉಪಕರಣದ ಸ್ವಂತ ಟಿಕ್ ಟಿಕ್ ಇದೆ, ಅದರಾಚೆ ಹೋಗಬೇಡಿ.

ಪಕ್ಕದಲ್ಲಿ ಮಾದರಿ ಇಡುವವರಿಗೆ ಒಂದು ಮಾತು: ಆನ್‌ಲೈನಿನಲ್ಲಿ ‘ಭೂಕಂಪ ಸೆನ್ಸರ್’ ಎಂದು ಮಾರುವ ಎಸ್‌ಡಬ್ಲ್ಯು-420 ಬರೀ ಆನ್-ಆಫ್ ಸ್ವಿಚ್ಚು. ಅಲೆಯ ಆಕಾರವೇ ಅದರಲ್ಲಿ ಸಿಗದು. ನೆಲದ ಅಲುಗಾಟ ಅಳೆಯುವ 4.5 ಹರ್ಟ್ಸ್ ಜಿಯೋಫೋನ್ ಕೊಳ್ಳಿ, ಸಂಡೂರು ಕಡೆಯ ಗಣಿ ಸಿಡಿತವನ್ನಾದರೂ ಹಿಡಿದೀತು.

ಈಗ ಪಿ ಮತ್ತು ಅದರ ಹಿಂದೆ ನಿಧಾನವಾಗಿ ಬರುವ ಎಸ್ ಅಲೆಗಳ ನಡುವಿನ ಅಂತರ ಎಣಿಸಿ. ಸುಮಾರು 166 ಸೆಕೆಂಡು ಬರಬೇಕು. ದೂರ ತಿಳಿಯಲು ಭೂಮಿಯ ಪಾಠದ ಹಾಗೆ 8ರಿಂದ ಗುಣಿಸಬೇಡಿ. ಮಂಗಳನಲ್ಲಿ ಈ ದೂರಕ್ಕೆ 10 ಹೊಂದುತ್ತದೆ, ಅಂದರೆ 1,700 ಕಿ.ಮೀ. ಆಸುಪಾಸು. ಡಿಗ್ರಿಗೆ ತಿರುಗಿಸುವಾಗಲೂ 111 ಅಲ್ಲ, 59 ಕಿ.ಮೀ. ಪಿ ಅಲೆಯ ಮೊದಲ ಅಲುಗಾಟದ ದಿಕ್ಕು ಪೂರ್ವಕ್ಕೆ, ಸರ್ಬೆರಸ್ ಫಾಸೆ ಎಂಬ ಬಿರುಕುಗಳ ಕಡೆಗೆ ತೋರಿದರೆ ಕೆಲಸ ಸರಿಯಾಗಿದೆ.

ಮಂಗಳನ ತಿರುಳಿನ ಗಾತ್ರ ಇದೊಂದು ಕಂಪನದಿಂದ ಸಿಗದು. ತಿರುಳಿನ ದ್ರವದೊಳಗೆ ಎಸ್ ಅಲೆ ಹೋಗದೆ ಪುಟಿದು ಬರುತ್ತದೆ, ಆ ಮರುದನಿ ಬಲು ಕ್ಷೀಣ, ಹಲವು ಕಂಪನಗಳನ್ನು ಜೋಡಿಸಿದರಷ್ಟೇ ಕಂಡೀತು. 2021ರಲ್ಲಿ ತಿರುಳಿನ ತ್ರಿಜ್ಯ ಸುಮಾರು 1,830 ಕಿ.ಮೀ. ಎಂದಿದ್ದರು. ಅದರ ಮೇಲೆ ಕರಗಿದ ಶಿಲೆಯ ಪದರ, ಸುಮಾರು 150 ಕಿ.ಮೀ. ದಪ್ಪದ್ದು, ಇದೆಯೆಂದು 2023ರಲ್ಲಿ ತೋರಿದ ಮೇಲೆ ಅದು 1,650–1,675ಕ್ಕೆ ಇಳಿಯಿತು. ಹಳೆಯ ಚಾರ್ಟಿನಲ್ಲಿ 1,830 ಇದ್ದರೆ ಅಳಿಸಿ ಬರೆಯಿರಿ.