ಮುಂಗಡ ಕಾಯ್ದಿರಿಸದೆ ಬೇರ್ ಲೇಕ್ ತಲುಪುವುದು ಹೇಗೆ?

ಅಮೆರಿಕದ ಕೊಲರಾಡೊದಲ್ಲಿರುವ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನಕ್ಕೆ ಬೇಸಿಗೆಯಲ್ಲಿ ಹೋಗಲು ‘ಟೈಮ್ಡ್ ಎಂಟ್ರಿ’ ಎಂಬ ಸಮಯದ ಪರವಾನಗಿ ಬೇಕು. ಊರಿನಿಂದ ಬಂದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಬೆಳಿಗ್ಗೆ ಹತ್ತಕ್ಕೆ ಆರಾಮಾಗಿ ಬಂದು, ಪರವಾನಗಿ ಇಲ್ಲದೆ ಪೆಚ್ಚುಮೋರೆ ಹಾಕಿಕೊಂಡು ಕಾರು ತಿರುಗಿಸುವವರನ್ನು ಪ್ರತಿ ಬೇಸಿಗೆಯಲ್ಲೂ ನೋಡುತ್ತೇನೆ. ಪರವಾನಗಿ ಇಲ್ಲದವರಿಗೂ ನಿಯಮದಲ್ಲೇ ದಾರಿಯಿದೆ. ಗಡಿಯಾರ ನೋಡಿ ಹೊರಟರಾಯಿತು.

ಮೊದಲು ವಲಯ ತಿಳಿದುಕೊಳ್ಳಿ. ಎಡವುವುದು ಇಲ್ಲೇ. ಪರವಾನಗಿಯ ಲೆಕ್ಕದಲ್ಲಿ ಉದ್ಯಾನ ಎರಡು ಭಾಗ. 2025ರ ನಿಯಮದಂತೆ, ಉದ್ಯಾನದೊಳಗಿನ ಬೇರ್ ಲೇಕ್ ಸರೋವರಕ್ಕೆ ಹೋಗುವ ಬೇರ್ ಲೇಕ್ ರಸ್ತೆಯ ವಲಯದಲ್ಲಿ ಬೆಳಿಗ್ಗೆ 5ರಿಂದ ಸಂಜೆ 6ರವರೆಗೆ ಪರವಾನಗಿ ಕಡ್ಡಾಯ. ಉಳಿದ ಭಾಗದಲ್ಲಿ 9ರಿಂದ ಮಧ್ಯಾಹ್ನ 2ರವರೆಗೆ ಮಾತ್ರ. ‘ಎಂಟೂವರೆಗೆ ಗೇಟು ದಾಟಿದ್ದೇವಲ್ಲ, ಇನ್ನೇನು’ ಎಂದು ಬೇರ್ ಲೇಕ್ ಕಡೆ ತಿರುಗಿದರೆ, ಆ ರಸ್ತೆಯಲ್ಲೇ ಮತ್ತೊಂದು ತಪಾಸಣೆ ಎದುರಾಗುತ್ತದೆ. ಮುಖ್ಯ ಗೇಟು ದಾಟಿದ ಸಮಯ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಸ್ಪ್ರೇಗ್ ಲೇಕ್, ಗ್ಲೇಸಿಯರ್ ಗಾರ್ಜ್, ಮೊರೇನ್ ಪಾರ್ಕ್ ಎಲ್ಲವೂ ಇದೇ ವಲಯದೊಳಗಿವೆ. ಷಟಲ್ ಬಸ್ಸಿನಲ್ಲಿ ನುಸುಳುವ ಉಪಾಯವೂ ನಡೆಯದು: ಎಸ್ಟೆಸ್ ಪಾರ್ಕ್ ಪಟ್ಟಣದಿಂದ ಹೊರಡುವ ಚಾರಣಿಗರ ಬಸ್ಸಿಗೂ ಮುಂಗಡ ಬುಕಿಂಗ್ ಬೇಕು.

ನಂತರ ಹೊರಡುವ ಹೊತ್ತು. ಪರವಾನಗಿ ಇಲ್ಲದವರು ಬೇರ್ ಲೇಕ್ ರಸ್ತೆಗೆ ಬೆಳಿಗ್ಗೆ 5ಕ್ಕೆ ಮುಂಚೆ ಇಲ್ಲವೇ ಸಂಜೆ 6ರ ನಂತರ ಹೋಗಬೇಕು. ಡೆನ್ವರ್‌ನಿಂದ ಸುಮಾರು ಒಂದೂವರೆ ಗಂಟೆಯ ದಾರಿ. ಐದಕ್ಕೆ ಐದು ನಿಮಿಷ ಇರುವಾಗ ತಲುಪುವ ಲೆಕ್ಕ ಹಾಕಬೇಡಿ. ನಾಲ್ಕೂವರೆಗೆ ಬೇರ್ ಲೇಕ್ ರಸ್ತೆಯಲ್ಲಿರಬೇಕೆಂದರೆ ಮನೆಯನ್ನು ಮೂರಕ್ಕೆ ಮುಂಚೆಯೇ ಬಿಡಬೇಕು. ಒಮ್ಮೆ ಒಳಗೆ ಹೋದರೆ ದಿನವಿಡೀ ಇರಬಹುದು.

ಸಂಜೆ ಆರರ ನಂತರ ಹೋಗುವವರು ಎಮರಾಲ್ಡ್ ಲೇಕ್‌ಗೆ ತೃಪ್ತರಾಗಿ, ಅದೂ ಜೂನ್, ಜುಲೈನ ದೀರ್ಘ ಹಗಲಿನಲ್ಲಿ. ಬೇರ್ ಲೇಕ್‌ನಿಂದ ಅಲ್ಲಿಗೆ ಒಂದು ಬದಿಗೆ ಮೂರು ಕಿಲೋಮೀಟರಿಗೂ ತುಸು ಕಡಿಮೆ. ಸ್ಕೈ ಪಾಂಡ್‌ಗೆ ಹೋಗಿಬರಲು ಹದಿನಾಲ್ಕು ಕಿಲೋಮೀಟರಿಗೂ ಹೆಚ್ಚು, ಕೊನೆಯಲ್ಲಿ ಜಲಪಾತದ ಪಕ್ಕದ ಬಂಡೆ ಬೇರೆ ಹತ್ತಬೇಕು. ಸಂಜೆ ಹೊರಟು ಆ ಸಾಹಸ ಮಾಡಬೇಡಿ. ನನ್ನನ್ನು ಕೇಳಿದರೆ ನಸುಕೇ ಸರಿ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಇಲ್ಲಿ ಸಿಡಿಲು ಸಾಮಾನ್ಯ.

ಹಣೆಗೆ ಕಟ್ಟುವ ಟಾರ್ಚ್ ಇರಲಿ. ಮೊಬೈಲಿನ ಬೆಳಕು ನೆಚ್ಚಿಕೊಂಡರೆ ಒಂದು ಕೈ ಅದಕ್ಕೇ ಮೀಸಲು. ಜೂನ್‌ನಲ್ಲೂ ನೆರಳಿನ ದಾರಿಯಲ್ಲಿ ಹಿಮ ಗಟ್ಟಿಯಾಗಿರುತ್ತದೆ, ಶೂಗೆ ಮುಳ್ಳುಪಟ್ಟಿ (ಮೈಕ್ರೋಸ್ಪೈಕ್ಸ್) ಬೇಕು. ರಬ್ಬರಿಗೆ ನಾಲ್ಕು ಲೋಹದ ಗುಂಡಿ ಒತ್ತಿರುವ ಅಗ್ಗದ ಮಾಲು ಇಳಿಜಾರಿನಲ್ಲಿ ಹಿಮ್ಮಡಿಯಿಂದ ಕಳಚಿಕೊಳ್ಳುತ್ತದೆ. ಉಕ್ಕಿನ ಸರಪಳಿಯದ್ದನ್ನೇ ಕೊಳ್ಳಿ.

ಇಷ್ಟು ಬೇಗ ಏಳಲಾಗದಿದ್ದರೆ? ಹಿಂದಿನ ಸಂಜೆ 7ಕ್ಕೆ ರಿಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ ಮರುದಿನದ ಒಂದಷ್ಟು ಪರವಾನಗಿ ಬಿಡುತ್ತಾರೆ. ಶುಲ್ಕ 2 ಡಾಲರ್. ಲಾಗಿನ್ ಆಗಿ ಕಾಯಿರಿ. ಅದೂ ಸಿಗದಿದ್ದರೆ ವೈಲ್ಡ್ ಬೇಸಿನ್ ಕಡೆ ಹೋಗಿ. ಅದು ಎರಡನೇ ಭಾಗದಲ್ಲಿದೆ, 9ರೊಳಗೆ ತಲುಪಿದರೆ ಸಾಕು.

ಉದ್ಯಾನದ ಪ್ರವೇಶ ಶುಲ್ಕ ಬೇರೆ. ನಸುಕಿನಲ್ಲಿ ಗೇಟಿನಲ್ಲಿ ಯಾರೂ ಇಲ್ಲದಿದ್ದರೂ ಅದು ತಪ್ಪುವುದಿಲ್ಲ. 2026ರಿಂದ ಅಮೆರಿಕದ ನಿವಾಸಿಗಳಲ್ಲದ, 16 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಿಗೆ ತಲಾ 100 ಡಾಲರ್ ಹೆಚ್ಚುವರಿ ಶುಲ್ಕ ಬಂದಿದೆ. ಅಪ್ಪ ಅಮ್ಮನನ್ನು ಕರೆದೊಯ್ಯುವ ಮುನ್ನ ಯಾವ ಪಾಸ್ ಅನ್ವಯಿಸುತ್ತದೆಂದು ವಿಚಾರಿಸಿ, ಆ ವರ್ಷದ ಪರವಾನಗಿ ನಿಯಮವನ್ನೂ ನೋಡಿಕೊಳ್ಳಿ.

ಊಟಕ್ಕೆಂದು ಪಟ್ಟಣಕ್ಕೆ ಇಳಿದಿರೋ, ಸಂಜೆ 6ರವರೆಗೆ ಬೇರ್ ಲೇಕ್ ರಸ್ತೆ ಮತ್ತೆ ಸಿಗದು. ಬುತ್ತಿ ಕಟ್ಟಿಕೊಂಡೇ ಹೊರಡಿ. ಮಧ್ಯಾಹ್ನದವರೆಗೂ ಕೆಡದೆ ಇರಬೇಕಲ್ಲ, ಮೊಸರನ್ನಕ್ಕಿಂತ ಪುಳಿಯೋಗರೆ ವಾಸಿ.