ಕಾಯಿಲೆಯವರ ಪಕ್ಕ ಕೂತು 23ನೇ ಕೀರ್ತನೆ ಓದುವುದು ಹೇಗೆ

ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋದಾಗ ನಮ್ಮಲ್ಲಿ ಹೆಚ್ಚಿನವರ ಬೆರಳು ತಾನಾಗಿ ಹೋಗುವುದು ಬೈಬಲ್ಲಿನ 23ನೇ ಕೀರ್ತನೆಗೆ. ಇರುವುದು ಆರೇ ವಚನ. ಒಂದು ನಿಮಿಷದಲ್ಲಿ ಓದಿ, ಆಮೆನ್ ಹೇಳಿ, ಹಣ್ಣಿನ ಚೀಲ ಟೇಬಲ್ ಮೇಲಿಟ್ಟು ಎದ್ದು ಬರುತ್ತೇವೆ. ನಮ್ಮ ಅಜ್ಜಿ ಕೊನೆಯ ಎರಡು ತಿಂಗಳು ಹಾಸಿಗೆ ಹಿಡಿದಾಗ ದಿನಾ ಸಂಜೆ ನನ್ನ ಕೈಲಿ ಇದನ್ನೇ ಓದಿಸಿಕೊಂಡರು. ಎಷ್ಟು ನಿಧಾನವಾಗಿ ಓದಬೇಕು, ಎಲ್ಲಿ ನಿಲ್ಲಬೇಕು ಅಂತ ನನಗೆ ಗೊತ್ತಾಗಿದ್ದು ಆಗಲೇ.

ಮೊದಲು ಕೇಳಿ. "ಒಂದು ಕೀರ್ತನೆ ಓದಲಾ?" ಬೇಡ ಅಂದರೆ ಸುಮ್ನೆ ಕೂತುಕೊಳ್ಳಿ, ಅದೂ ಸಾಕು. ಓದು ಅಂದರೆ ಅವರು ಚಿಕ್ಕಂದಿನಿಂದ ಕೇಳಿದ ಅನುವಾದವನ್ನೇ ತೆಗೆಯಿರಿ. "ಯೆಹೋವನು ನನಗೆ ಕುರುಬನು" ಅಂತ ಬಾಯಿಪಾಠ ಮಾಡಿದವರಿಗೆ ಹೊಸ ಅನುವಾದ ಓದಿದರೆ ಬೇರೆ ಯಾರದೋ ಮನೆಗೆ ಹೋದ ಹಾಗಾಗುತ್ತದೆ. ಕಥೋಲಿಕರಿಗೆ "ಪ್ರಭು", "ಕುರಿಗಾಹಿ" ಅನ್ನೋದೇ ರೂಢಿ. ಅವರದೇ ಬೈಬಲ್ ತಲೆದಿಂಬಿನ ಹತ್ತಿರ ಇದ್ದರೆ ಅದರಿಂದಲೇ ಓದಿ, ಮೊಬೈಲ್ ಬೇಡ.

ಹೋಗುವ ಮುಂಚೆ ಮನೆಯಲ್ಲಿ ಒಂದು ಕೆಲಸ ಮಾಡಿ. ಈ ಹಾಡು ಹುಟ್ಟಿದ ನೆಲವನ್ನು ಕಣ್ಣಮುಂದೆ ತಂದುಕೊಳ್ಳಿ. "ಹಸುರುಗಾವಲು" ಅಂದ ತಕ್ಷಣ ನಮಗೆ ಮಲೆನಾಡಿನ ಹುಲ್ಲುಗುಡ್ಡ ನೆನಪಾಗುತ್ತೆ. ಈ ಕೀರ್ತನೆ ಹಾಡಿದವನು ಅಂತ ಹೇಳುವ ದಾವೀದ ಕುರಿ ಕಾಯುತ್ತಿದ್ದ ಬೆತ್ಲೆಹೇಮಿನ ಕಡೆ ಹಾಗಿಲ್ಲ. ಊರು ದಾಟಿ ಪೂರ್ವಕ್ಕೆ ಇಳಿದರೆ ಯೂದಾಯದ ಅಡವಿ, ಬರೀ ಬೋಳು ಗುಡ್ಡ. ಮಳೆ ಬರುವುದು ಚಳಿಗಾಲದಲ್ಲಿ ಮಾತ್ರ, ಕಲ್ಲಿನ ಸಂದಿಯಲ್ಲಿ ಒಂದಷ್ಟು ಹುಲ್ಲು ಚಿಗುರುತ್ತದೆ, ಬೇಸಿಗೆ ಬಂತು ಅಂದರೆ ಅದೂ ಒಣಗುತ್ತದೆ. ಮೇವು ಎಲ್ಲಿದೆ, ನೀರು ಎಲ್ಲಿದೆ ಅಂತ ಕುರಿಗೆ ಗೊತ್ತಿಲ್ಲ, ಕುರುಬನಿಗೆ ಗೊತ್ತು. "ಕೊರತೆಪಡೆನು" ಅನ್ನೋ ಮಾತು ಹುಟ್ಟಿದ್ದು ಕೊರತೆಯೇ ಜಾಸ್ತಿ ಇರುವ ಜಾಗದಲ್ಲಿ. ಇದು ನಿಮ್ಮ ಮನಸ್ಸಿನಲ್ಲಿದ್ದರೆ ಓದುವ ದನಿಯೇ ಬೇರೆಯಾಗುತ್ತದೆ, ನೋಡಿ.

ಎರಡನೇ ವಚನದಲ್ಲಿ ನಮ್ಮ ಬೈಬಲ್ "ತಂಗಿಸುತ್ತಾನೆ" ಅನ್ನುತ್ತದೆ. ಮೂಲ ಭಾಷೆಯಾದ ಹೀಬ್ರೂವಿನಲ್ಲಿ ಅದು ಮಲಗಿಸುವುದು, ಪ್ರಾಣಿ ಕಾಲು ಮಡಚಿ ಮಲಗುತ್ತದಲ್ಲ, ಆ ಮಾತು. ಹಸಿದ ಕುರಿ, ಹೆದರಿದ ಕುರಿ ಹಾಗೆ ಮಲಗುವುದಿಲ್ಲ. ಹೊಟ್ಟೆ ತುಂಬಿ ಭಯ ಹೋದ ಮೇಲೆ ಮಲಗಿ ಮೆಲುಕು ಹಾಕುತ್ತದೆ. ಇದನ್ನು ಅಜ್ಜಿಗೆ ಹೇಳಿದಾಗ ಅವರು ಬಹಳ ಹೊತ್ತು ಸೂರು ನೋಡುತ್ತಿದ್ದರು. ಆಮೇಲೆ, "ಹಂಗಾದ್ರೆ ನಾನು ಸುಮ್ನೆ ಬಿದ್ದಿಲ್ಲ, ಮಲಗಿಸಿದ್ದಾನೆ" ಅಂದರು.

ನಾಲ್ಕನೇ ವಚನಕ್ಕೆ ಬಂದಾಗ ನಿಲ್ಲಿ. ಒಂದು ಉಸಿರು ತೆಗೆದುಕೊಳ್ಳಿ. ಅಲ್ಲಿವರೆಗೂ ದೇವರು "ಆತನು". ಕಾರ್ಗತ್ತಲಿನ ಕಣಿವೆ ಬಂದ ಕೂಡಲೇ "ನೀನು" ಆಗುತ್ತಾನೆ. ಹುಲ್ಲಿನ ಮೇಲಿದ್ದಾಗ ಆತನ ಬಗ್ಗೆ ಮಾತಾಡುತ್ತಿದ್ದವನು ಕತ್ತಲಲ್ಲಿ ಆತನ ಹತ್ತಿರವೇ ಮಾತಾಡುತ್ತಾನೆ. ಇದನ್ನು ವಿವರಿಸಲು ಹೋಗಬೇಡಿ. "ನೀನು" ಅನ್ನೋದನ್ನು ಮೆಲ್ಲಗೆ, ಸ್ಪಷ್ಟವಾಗಿ ಓದಿ, ಅವರಿಗೆ ಕೇಳಿಸುತ್ತದೆ. ಆ ಕಡೆ ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ಕಡೆಯೆಲ್ಲ ಆಳವಾದ ಕಣಿವೆಗಳು, ಎರಡೂ ಬದಿ ಕಲ್ಲುಗೋಡೆ. ದಾವೀದ ಕಣಿವೆ ತಪ್ಪಿಸು ಅನ್ನಲಿಲ್ಲ, ನೀನು ಹತ್ತಿರವಿದ್ದೀ ಅಂದ. ಆದ್ದರಿಂದ ನೀವೂ "ಏನೂ ಆಗಲ್ಲ, ನಾಳೆಗೆಲ್ಲ ವಾಸಿಯಾಗುತ್ತೆ" ಅನ್ನಬೇಡಿ. ಅದು ಈ ಕೀರ್ತನೆಯಲ್ಲಿಲ್ಲ.

ಅಲ್ಲೇ ದೇವರ ದೊಣ್ಣೆ, ಕೋಲು ಬರುತ್ತವೆ. ಇಲ್ಲಿ ಜಾಸ್ತಿ ಹೊತ್ತು ಇರಿ, ಏಕೆಂದರೆ ತುಂಬಾ ಜನ ಎಡವುವುದು ಇಲ್ಲೇ. ಅಜ್ಜಿಯನ್ನು ನೋಡಲು ಬಂದ ಒಬ್ಬರು, ಮನಸ್ಸಲ್ಲಿ ಏನಾದರೂ ಪಾಪ ಮುಚ್ಚಿಟ್ಟಿದ್ದರೆ ಒಪ್ಪಿಕೊಳ್ಳಿ, ದೇವರ ಕೋಲು ಸುಮ್ನೆ ಬೀಳಲ್ಲ ಅಂತ ಹೇಳಿ ಹೋದರು. ಅಜ್ಜಿ ಆ ರಾತ್ರಿ ನಿದ್ದೆ ಮಾಡಲಿಲ್ಲ. ಮಾರನೇ ದಿನ ನಾನು ನಿಧಾನವಾಗಿ ಹೇಳಿದೆ. ದೊಣ್ಣೆ ಅಂದರೆ ಗಿಡ್ಡನೆಯ, ಭಾರವಾದ ಕೋಲು, ಮಂದೆಗೆ ಬಿದ್ದ ಕಾಡುಪ್ರಾಣಿಯನ್ನು ಹೊಡೆಯಲು. ಸಿಂಹವೂ ಕರಡಿಯೂ ಕುರಿ ಹೊತ್ತುಕೊಂಡು ಹೋದಾಗ ದಾವೀದ ಬೆನ್ನಟ್ಟಿ ಬಾಯಿಂದ ಬಿಡಿಸಿದ ಅಂತ ಬೈಬಲ್ಲಿನ 1 ಸಮುವೇಲ 17ನೇ ಅಧ್ಯಾಯದಲ್ಲಿದೆ. ಇನ್ನೊಂದು ಉದ್ದದ ಕೋಲು, ಊರಿಕೊಂಡು ನಡೆಯಲು. ನಮ್ಮ ಕಡೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಮಂದೆಯ ಜೊತೆ ಹೋಗುವ ಕುರುಬರ ಕೈಲೂ ಅಂಥದ್ದೇ ಒಂದು ಇರುತ್ತದೆ, ಅಜ್ಜಿ ನೋಡಿದ್ದರು. ದೊಣ್ಣೆ ತೋಳದ ಪಾಲಿಗೆ, ನಿನಗಲ್ಲ ಅಂದೆ. ಕಾಯಿಲೆಯವರ ಕಣ್ಣಲ್ಲಿ ಈ ಹೆದರಿಕೆ ಕಂಡರೆ ದಯವಿಟ್ಟು ಹೀಗೇ ಬಿಡಿಸಿ ಹೇಳಿ.

ಐದನೇ ವಚನಕ್ಕೆ ವಿವರಣೆ ಏನೂ ಬೇಡ. ಬಯಲಿನಿಂದ ಮನೆಯೊಳಗೆ ಬಂದ ಹಾಗೆ, ಊಟ, ತಲೆಗೆ ತೈಲ, ತುಂಬಿದ ಪಾತ್ರೆ. ಒಂದು ಸಂಜೆ ಇಲ್ಲಿ ಅಜ್ಜಿ ನನ್ನ ಕೈ ಹಿಡಿದು, "ನನ್ನ ತಲೆಗೂ ಒಸಿ ಎಣ್ಣೆ ಹಚ್ಚು ಮಗಾ" ಅಂದರು. ಅವತ್ತಿನಿಂದ ಬೈಬಲ್ ಪಕ್ಕ ಕೊಬ್ಬರಿ ಎಣ್ಣೆ ಬಾಟಲಿ ಇಟ್ಟುಕೊಂಡೆ. ನೆತ್ತಿಗೆ ನಾಲ್ಕು ಹನಿ ಹಾಕಿ ತಿಕ್ಕುವಾಗ ಅವರ ಹಣೆಯ ಗೆರೆ ಸಡಿಲವಾಗುವುದನ್ನು ನೋಡುತ್ತಿದ್ದೆ. ಆಸ್ಪತ್ರೆಯಲ್ಲಾದರೆ ನರ್ಸ್ ಕೇಳಿ ಹಚ್ಚಿ.

ಇನ್ನೂ ಓದು ಅಂದರೆ ಯೋಹಾನನ ಸುವಾರ್ತೆಯ 10ನೇ ಅಧ್ಯಾಯ ಓದಿ. ಅಲ್ಲಿ ಯೇಸು "ನಾನೇ ಒಳ್ಳೇ ಕುರುಬನು" ಅನ್ನುತ್ತಾನೆ, ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ, ಕೂಲಿಯವನ ಹಾಗೆ ತೋಳ ಕಂಡು ಓಡುವುದಿಲ್ಲ. ನೀವು ಪ್ರಾರ್ಥನೆ ಮಾಡುವಾಗಲೂ "ಈ ರೋಗಿ" ಅನ್ನದೆ ಅವರ ಹೆಸರು ಹೇಳಿ. ಲೂಕ 15ರ ಕಳೆದುಹೋದ ಕುರಿ ಓದುವುದಾದರೆ, ತಪ್ಪಿಸಿಕೊಂಡದ್ದರ ಮೇಲೆ ಒತ್ತು ಕೊಡಬೇಡಿ. ತೊಂಬತ್ತೊಂಬತ್ತನ್ನು ಬಿಟ್ಟು ಹೊರಟವನು ಕುರುಬ, ಸಿಕ್ಕಾಗ ಹೆಗಲ ಮೇಲೆ ಹೊತ್ತವನೂ ಅವನೇ. ರೋಮಿನ ನೆಲದಡಿಯ ಸಮಾಧಿಗಳಲ್ಲಿ 3ನೇ ಶತಮಾನದ ಕ್ರೈಸ್ತರು ತಮ್ಮವರನ್ನು ಹೂಳಿಟ್ಟ ಜಾಗದಲ್ಲಿ ಈ ಚಿತ್ರವನ್ನೇ ಬರೆಸಿದರು. ಶಿಲುಬೆಗೇರಿದ ಯೇಸುವಿನ ಚಿತ್ರ ಬರೆಯುವ ರೂಢಿ ಬಂದದ್ದು ಆಮೇಲೆ. ಕೇಳುವ ಶಕ್ತಿ ಇಲ್ಲದವರಿಗೆ ಆ ಚಿತ್ರ ತೋರಿಸಿದರೂ ಆಯಿತು.

ಕೊನೆಯ ವಚನದಲ್ಲಿ ಶುಭವೂ ಕೃಪೆಯೂ "ಹಿಂಬಾಲಿಸುವವು" ಅಂತಿದೆ. ಹೀಬ್ರೂವಿನಲ್ಲಿ ಅದೇ ಮಾತು ಶತ್ರುಗಳು ಬೆನ್ನಟ್ಟುವುದಕ್ಕೂ ಬರುತ್ತದೆ, ಅಷ್ಟು ಬಲವಾದ ಮಾತು. ಮುಂದೆ ಕುರುಬ ಇದ್ದಾನೆ, ಹಿಂದೆ ಇವೆರಡು ಓಡಿ ಬರುತ್ತಿವೆ. ಇದನ್ನು ಓದುವಾಗ ಅರ್ಧಕ್ಕೆ ನಿಲ್ಲಿಸಿ, ಉಳಿದದ್ದನ್ನು ಅವರು ಹೇಳಲಿ. ಅಜ್ಜಿಗೆ ಮಾತು ನಿಂತ ಮೇಲೂ ತುಟಿ ಆಡುತ್ತಿತ್ತು.

ಮುಗಿದ ಮೇಲೆ ತಕ್ಷಣ ಏಳಬೇಡಿ. ನೀರಿನ ಲೋಟ ಕೈಗೆಟುಕುವ ಹಾಗಿದೆಯಾ ನೋಡಿ, ಹೊದಿಕೆ ಸರಿ ಮಾಡಿ. ನಾಳೆ ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಹೇಳಿ, ಆ ಹೊತ್ತಿಗೇ ಬನ್ನಿ.