ಗಾಜು ತೊಳೆಯುವ ದೋಟಿ: ಆಯ್ಕೆ, ಆರೈಕೆ ಮತ್ತು ನನ್ನ ಅನುಭವ

ಶಿರಸಿ ಕಡೆಯ ಅಡಿಕೆ ತೋಟಗಳ ನಡುವೆ ಬೆಳೆದವನಾದ್ದರಿಂದ, ಉದ್ದನೆಯ ಕೋಲಿನ ತುದಿಯಲ್ಲಿ ಕೆಲಸ ಮಾಡುವುದೆಂದರೆ ಏನೆಂಬುದು ನನಗೆ ಚಿಕ್ಕಂದಿನಿಂದಲೇ ಗೊತ್ತಿತ್ತು. ಬಿದಿರಿನ ದೋಟಿಯಲ್ಲಿ ಮಾವು, ಹಲಸು ಕೊಯ್ಯುತ್ತಿದ್ದ ಮನೆ ನಮ್ಮದು. ಈಗ ಅದೇ ತೋಟಗಳಿಗೆ ಕಾರ್ಬನ್ ಫೈಬರಿನ ದೋಟಿ ಬಂದಿದೆ. ಮರ ಹತ್ತದೆ ನೆಲದಲ್ಲೇ ನಿಂತು ಅಡಿಕೆ ಕೊನೆ ಕೊಯ್ಯುವುದೂ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದೂ ಸಾಧ್ಯವಾಗಿದೆ. ಬೆಂಗಳೂರಿನಲ್ಲಿ ಕಿಟಕಿ ಗಾಜು ತೊಳೆಯುವುದನ್ನು ವೃತ್ತಿಯಾಗಿ ಹಿಡಿದ ಮೇಲೆ, ಒಂದರೊಳಗೊಂದು ಸೇರುವ ಕೊಳವೆಗಳ, ತುದಿಯ ಬ್ರಷ್ಷಿಗೆ ನೀರು ಹಾಯಿಸುವ ಈ ಸಲಕರಣೆಯನ್ನು ನಮ್ಮ ತಂಡದಲ್ಲಿ ದೋಟಿ ಎಂದೇ ಕರೆಯುತ್ತ ಬಂದಿದ್ದೇವೆ. ಏಣಿ ಇಡದೆ, ಹಗ್ಗ ಕಟ್ಟದೆ, ನೆಲದ ಮೇಲೆ ನಿಂತು ಎರಡನೆಯ ಮಹಡಿಯ ಗಾಜನ್ನು ಉಜ್ಜಿ ತೊಳೆದು, ಒರೆಸದೆ ಹಾಗೆಯೇ ಒಣಗಲು ಬಿಡುವುದು ಇದರ ಕ್ರಮ. ನೀರಿನಲ್ಲಿ ಲವಣವಿಲ್ಲದಿದ್ದರೆ ಗಾಜಿನ ಮೇಲೆ ಕಲೆಯೂ ಉಳಿಯುವುದಿಲ್ಲ.

ಮೊದಲ ದೋಟಿಯನ್ನು ಕೊಳ್ಳುವಾಗ ನಾನು ನೋಡಿದ್ದು ಅದರ ಉದ್ದವನ್ನು ಮಾತ್ರ. ಪೂರ್ತಿ ತೆರೆದರೆ 12 ಮೀಟರ್ ಆಗುವ ಗ್ಲಾಸ್ ಫೈಬರ್ ಕೋಲು, ಅಷ್ಟೇ ಉದ್ದದ ಕಾರ್ಬನ್ ಕೋಲಿನ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತಿತ್ತು. ಯಾವ ಎತ್ತರದ ಕೆಲಸ ಬಂದರೂ ಇದೊಂದೇ ಸಾಕು ಎಂಬ ಲೆಕ್ಕಾಚಾರದಲ್ಲಿ ಅದನ್ನು ತಂದೆ. ಎಂಟು ಮೀಟರ್ ದಾಟಿದ ಕೂಡಲೇ ಅದು ಬಳುಕತೊಡಗುತ್ತಿತ್ತು. ಕೆಳಗೆ ಕೈ ತಳ್ಳಿದ ಅರೆಕ್ಷಣದ ನಂತರ ಮೇಲೆ ಬ್ರಷ್ ಚಲಿಸುತ್ತಿತ್ತು, ಗಾಜಿಗೆ ತಾಗಬೇಕಾದದ್ದು ಚೌಕಟ್ಟಿಗೆ ಬಡಿಯುತ್ತಿತ್ತು. ನನ್ನ ಜೊತೆಗಿದ್ದ ಗಟ್ಟಿಮುಟ್ಟಾದ ಹುಡುಗ ಮೂರು ದಿನ ಅದನ್ನು ಹಿಡಿದು ದುಡಿದ ಮೇಲೆ, ಭುಜದ ನೋವಿನಿಂದ ಎರಡು ವಾರ ಕೈ ಎತ್ತಲಾರದೆ ಮನೆಯಲ್ಲಿ ಉಳಿಯಬೇಕಾಯಿತು. ಆ ನೋವಿಗೆ ನನ್ನ ತಪ್ಪು ಆಯ್ಕೆಯೇ ಕಾರಣವೆಂಬ ಅರಿವು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಆಮೇಲೆ ಒಂದು ನೋಟ್ ಪುಸ್ತಕವಿಟ್ಟು, ಹೋದ ಪ್ರತಿಯೊಂದು ಮನೆಯಲ್ಲೂ ಅತ್ಯಂತ ಮೇಲಿನ ಗಾಜಿನ ಎತ್ತರವನ್ನೂ, ಗೋಡೆಯಿಂದ ಎಷ್ಟು ದೂರ ನಿಲ್ಲಲು ಜಾಗವಿದೆ ಎಂಬುದನ್ನೂ ಬರೆದಿಡತೊಡಗಿದೆ. ನಮ್ಮಲ್ಲಿ ಒಂದು ಮಹಡಿಗೆ ಸುಮಾರು 3 ಮೀಟರ್ ಎತ್ತರ. ಸರ್ಜಾಪುರ ರಸ್ತೆ, ವೈಟ್‌ಫೀಲ್ಡ್, ಯಲಹಂಕ ಸುತ್ತಮುತ್ತಲಿನ ವಿಲ್ಲಾಗಳಲ್ಲಿ ನನಗೆ ಸಿಗುತ್ತಿದ್ದ ಕೆಲಸದ ಬಹುಪಾಲು ನೆಲಮಹಡಿ ಮತ್ತು ಮೊದಲ ಮಹಡಿಯದು, ಅಂದರೆ ಆರು ಆರೂವರೆ ಮೀಟರಿನೊಳಗಿನದು. ಒಂಬತ್ತು ಮೀಟರಿನ ಕಿಟಕಿಗಳು ಆಗೊಮ್ಮೆ ಈಗೊಮ್ಮೆ, ಹನ್ನೆರಡು ಮೀಟರ್ ಬೇಕಾದದ್ದು ಬೆರಳೆಣಿಕೆಯಷ್ಟು ಸಲ. ಅಪರೂಪದ ಎತ್ತರಕ್ಕಾಗಿ ಕೊಂಡ ಭಾರವನ್ನು ದಿನವೂ ಹೊರುತ್ತಿದ್ದೇವೆ ಎಂಬುದು ಆಗ ಕಣ್ಣಿಗೆ ಕಟ್ಟಿತು. ಈಗ ನಮ್ಮ ಬಳಿ ನಿತ್ಯದ ಬಳಕೆಗೆ ಏಳೂವರೆ ಮೀಟರಿನದೊಂದು, ಎತ್ತರದ ಕೆಲಸಕ್ಕೆ ಹನ್ನೊಂದು ಮೀಟರಿನದೊಂದು ಹೀಗೆ ಎರಡು ಕಾರ್ಬನ್ ದೋಟಿಗಳಿವೆ. ಒಂದೇ ಕೋಲಿನಲ್ಲಿ ಎಲ್ಲವನ್ನೂ ಮುಗಿಸುವ ಯೋಚನೆಯನ್ನು ಹೊಸಬರು ಮೊದಲು ಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ತೂಕದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಕ್ಕಡಿಯಲ್ಲಿ ತೂಗಿ ಹೇಳುವ ತೂಕವೇ ಬೇರೆ, ಕೈಗೆ ಬರುವ ತೂಕವೇ ಬೇರೆ. ದೋಟಿಯನ್ನು ನೇರಕ್ಕಿಂತ 20 ಡಿಗ್ರಿ ಓರೆಯಾಗಿ ಹಿಡಿದಿದ್ದೇವೆ, ಉದ್ದ 10 ಮೀಟರ್ ಎಂದಿಟ್ಟುಕೊಳ್ಳಿ. ಆಗ ತುದಿಯು ಬುಡದಿಂದ ಅಡ್ಡಲಾಗಿ ಸುಮಾರು 3.4 ಮೀಟರ್ ಆಚೆಗಿರುತ್ತದೆ. ತುದಿಯ ಬ್ರಷ್ಷು ಅರ್ಧ ಕಿಲೋ ಹೆಚ್ಚು ತೂಗಿದರೆ, 60 ಸೆಂಟಿಮೀಟರ್ ಅಂತರದಲ್ಲಿ ಕೋಲನ್ನು ಹಿಡಿದ ಎರಡು ಕೈಗಳ ಮೇಲೆ ಹೆಚ್ಚುವರಿಯಾಗಿ ಬೀಳುವ ಒತ್ತಡ ಎರಡೂವರೆ ಕಿಲೋ ದಾಟುತ್ತದೆ. ಅದೇ ಅರ್ಧ ಕಿಲೋ ಬುಡದಲ್ಲಿದ್ದರೆ ಅರಿವಿಗೇ ಬರುವುದಿಲ್ಲ. ಆದ್ದರಿಂದ ದೋಟಿಯ ಒಟ್ಟು ತೂಕಕ್ಕಿಂತ, ಮೇಲಿನ ಎರಡು ಮೂರು ತುಂಡುಗಳು ಮತ್ತು ಬ್ರಷ್ ಎಷ್ಟು ಹಗುರವಾಗಿವೆ ಎಂಬುದನ್ನು ನಾನು ಮೊದಲು ವಿಚಾರಿಸುತ್ತೇನೆ. ಕೋಲಿನೊಳಗೆ ಏರುವ ನೀರನ್ನೂ ಮರೆಯಬಾರದು: 5 ಮಿಲಿಮೀಟರ್ ಒಳವ್ಯಾಸದ ಕೊಳವೆಯಲ್ಲಿ 10 ಮೀಟರಿಗೆ ಸುಮಾರು 200 ಗ್ರಾಂ ನೀರು ತುಂಬಿರುತ್ತದೆ.

ಗಾಜಿನ ನಾರಿಗಿಂತ ಕಾರ್ಬನ್ ನಾರು ಸುಮಾರು ಮೂರು ಪಟ್ಟು ಬಿಗುಪುಳ್ಳದ್ದು, ಅಂದರೆ ಅಷ್ಟು ಕಡಿಮೆ ಬಳುಕುವಂಥದ್ದು, ತೂಕದಲ್ಲಿಯೂ ಕಾಲು ಭಾಗಕ್ಕಿಂತ ಹೆಚ್ಚು ಹಗುರ. ಬೆಲೆಯ ವ್ಯತ್ಯಾಸಕ್ಕೆ ಅರ್ಥವಿರುವುದು ಇಲ್ಲಿಯೇ. ಆದರೂ ಐದು ಮೀಟರಿನೊಳಗಿನ ಕೆಲಸಕ್ಕೆ ಗ್ಲಾಸ್ ಫೈಬರ್ ಕೋಲು ಸಾಕು. ಪೆಟ್ಟು ತಿಂದರೂ ತಡೆದುಕೊಳ್ಳುತ್ತದೆ, ಕಲಿಯುವವರ ಕೈಗೆ ನಾನು ಕೊಡುವುದೂ ಅದನ್ನೇ. ಹೈ ಮಾಡ್ಯುಲಸ್ ಎಂದು ಮಾರುವ ದುಬಾರಿ ಕಾರ್ಬನ್ ಇನ್ನಷ್ಟು ಬಿಗುಪಾಗಿದ್ದರೂ ಪೆಟ್ಟಿಗೆ ಬೇಗ ಬಿರುಕು ಬಿಡುತ್ತದೆ. ಕಲ್ಲುಚಪ್ಪಡಿಯ ಅಂಗಳಗಳಲ್ಲಿ ಕೋಲು ಜಾರಿ ಬೀಳುವ ನಮ್ಮ ಕೆಲಸಕ್ಕೆ ಅದು ತಕ್ಕದ್ದಲ್ಲವೆಂದು ನನಗನ್ನಿಸಿತು.

ಕೊಳ್ಳುವ ಮೊದಲು ನಾನು ಮಾಡುವ ಪರೀಕ್ಷೆ ಸರಳವಾದದ್ದು. ನನ್ನ ಬ್ರಷ್ಷನ್ನೇ ತುದಿಗೆ ಹಾಕಿ, ನಿತ್ಯ ಕೆಲಸ ಮಾಡುವ ಎತ್ತರಕ್ಕೆ ದೋಟಿಯನ್ನು ತೆರೆದು, ಒಂದು ಗೋಡೆಯ ಮುಂದೆ ಹತ್ತು ನಿಮಿಷ ಮೇಲೆ ಕೆಳಗೆ ಆಡಿಸುತ್ತೇನೆ. ಅನಂತರ ತುಂಡುಗಳನ್ನು ಜಾರದಂತೆ ಹಿಡಿಯುವ ಪ್ರತಿಯೊಂದು ಕ್ಲಾಂಪನ್ನು ಒದ್ದೆ ಕೈಯಲ್ಲಿ ಬಿಚ್ಚಿ ಮತ್ತೆ ಹಾಕುತ್ತೇನೆ. ಹೆಬ್ಬೆರಳಿನ ಒತ್ತಡಕ್ಕೆ ಮುಚ್ಚಬೇಕು, ಮುಚ್ಚಿದ ಮೇಲೆ ಮೈಭಾರ ಹಾಕಿ ಒತ್ತಿದರೂ ತುಂಡು ಜಾರಬಾರದು. ಕ್ಲಾಂಪು ತಿರುಪಿನಿಂದ ಸರಿಹೊಂದಿಸುವಂಥದ್ದೇ, ಅಂಟಿನಿಂದ ಕೂರಿಸಿದ್ದು ಸವೆದಾಗ ತೆಗೆದು ಬೇರೆ ಹಾಕಬಹುದೇ, ಒಂದೊಂದೇ ತುಂಡು ಬಿಡಿಯಾಗಿ ಮಾರಾಟಕ್ಕಿದೆಯೇ ಎಂದು ಕೇಳದೆ ಹಣ ಕೊಡಬಾರದು. ಹಿಂದೊಮ್ಮೆ ಅಗ್ಗಕ್ಕೆ ತಂದ ಕೋಲಿನ ಎರಡನೆಯ ತುಂಡು ಒಡೆದಾಗ, ಮಾರಿದವರ ಬಳಿ ಬಿಡಿಭಾಗವೇ ಇರಲಿಲ್ಲ. ಚೆನ್ನಾಗಿದ್ದ ಉಳಿದ ನಾಲ್ಕು ತುಂಡುಗಳೂ ಮೂಲೆ ಸೇರಿದವು. ಮಡಿಸಿದಾಗಿನ ಉದ್ದವೂ ಮುಖ್ಯ. ನಮ್ಮ ಓಮ್ನಿ ವಾಹನದೊಳಗೆ ಓರೆಯಾಗಿ ಮಲಗುವಷ್ಟು ಮಾತ್ರ ಉದ್ದವಿರಬೇಕೆಂಬ ಕಾರಣಕ್ಕೆ ನಾನು ಒಂದು ಒಳ್ಳೆಯ ಕೋಲನ್ನು ಬಿಟ್ಟುಕೊಟ್ಟದ್ದುಂಟು.

ಬ್ರಷ್ಷಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ನೈಲಾನ್ ಎಳೆಗಳ ಹಗುರವಾದ ಬ್ರಷ್, ಪೆನ್ಸಿಲ್ ಗಾತ್ರದ ಧಾರೆ ಬರುವ ಎರಡು ರಂಧ್ರಗಳು, ಬಾಲ್ಕನಿ ಕಟ್ಟೆಯನ್ನು ಬಳಸಿ ಹೋಗಲು ಕೋನ ಬದಲಿಸುವ ಕುತ್ತಿಗೆ ಇಷ್ಟಿದ್ದರೆ ಬಹುಪಾಲು ಕೆಲಸ ಸಾಗುತ್ತದೆ. ಕೊಳವೆಯ ಜೋಡಣೆಗಳು ಎಸ್‌.ಪಿ. ರಸ್ತೆಯಲ್ಲಿಯೇ ಸಿಗುತ್ತವೆ.

ವಿದ್ಯುತ್ ತಂತಿಯ ವಿಷಯದಲ್ಲಿ ಮಾತ್ರ ನಾನು ಯಾರೊಂದಿಗೂ ರಾಜಿ ಮಾಡಿಕೊಳ್ಳುವುದಿಲ್ಲ. ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಸುತ್ತದೆ. ಗ್ಲಾಸ್ ಫೈಬರ್ ಒಣಗಿದ್ದಾಗ ಹರಿಸದಿದ್ದರೂ, ಒದ್ದೆಯಾಗಿ ಧೂಳು ಮೆತ್ತಿದ ಕೋಲನ್ನು ನಂಬುವಂತಿಲ್ಲ. ಕಟ್ಟಡದಿಂದ 11 ಕೆ.ವಿ. (11 ಸಾವಿರ ವೋಲ್ಟ್) ತಂತಿ ಅಡ್ಡಲಾಗಿ ಕನಿಷ್ಠ 1.2 ಮೀಟರ್ ದೂರವಿರಬೇಕೆಂದು ನಿಯಮವಿದೆ. ಆ ಅಂತರ ಬಾಲ್ಕನಿಯಲ್ಲಿ ನಿಂತವನನ್ನು ಕಾಯಬಹುದೇ ಹೊರತು, ಒಂಬತ್ತು ಮೀಟರ್ ಕೋಲನ್ನು ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೊರಳಿಸುವವನನ್ನು ಕಾಯಲಾರದು. ಆದ್ದರಿಂದ ದೋಟಿಯನ್ನು ಬಿಚ್ಚುವ ಮೊದಲು ಮನೆಯ ಸುತ್ತ ಒಂದು ಸುತ್ತು ಬಂದು, ಕೋಲು ಯಾವ ದಿಕ್ಕಿಗೆ ಬಿದ್ದರೂ ತಂತಿಗಾಗಲಿ ಟ್ರಾನ್ಸ್‌ಫಾರ್ಮರಿಗಾಗಲಿ ಮುಟ್ಟದೆಂದು ಖಾತ್ರಿಯಾದ ಬದಿಯಲ್ಲಿ ಮಾತ್ರ ಕೆಲಸ ಮಾಡುತ್ತೇವೆ. ಉಳಿದ ಬದಿಯನ್ನು ಬಿಟ್ಟು, ಅದಕ್ಕೆ ತಕ್ಕಂತೆ ಹಣವನ್ನೂ ಕಡಿಮೆ ಪಡೆಯುತ್ತೇವೆ. ಆಷಾಢದ ಗಾಳಿಯಲ್ಲಿ ಮರದ ಕೊಂಬೆಗಳು ತೂಗಾಡುತ್ತಿದ್ದರೆ ಹನ್ನೊಂದು ಮೀಟರಿನ ದೋಟಿ ವಾಹನದಿಂದ ಇಳಿಯುವುದೇ ಇಲ್ಲ.

ಇನ್ನು ನೀರು. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ಲೀಟರಿಗೆ 500 ಮಿಲಿಗ್ರಾಂವರೆಗಿನ ಒಟ್ಟು ಕರಗಿದ ಲವಣವನ್ನು ಸ್ವೀಕಾರಾರ್ಹವೆನ್ನುತ್ತದೆ. ಗಾಜಿಗೆ ಅದು ಸಾಲದು. ಈ ಲವಣದ ಪ್ರಮಾಣ (ಟಿಡಿಎಸ್) 10 ಪಿಪಿಎಂ, ಅಂದರೆ ಲೀಟರಿಗೆ 10 ಮಿಲಿಗ್ರಾಂ, ದಾಟಿದ ನೀರನ್ನು ನಾನು ಬಳಸುವುದಿಲ್ಲ. ಕೊಳವೆಬಾವಿಯ 900 ಪಿಪಿಎಂ ನೀರು ಒಂದು ಲೀಟರ್ ಒಣಗಿದರೆ ಸುಮಾರು 0.9 ಗ್ರಾಂ ಲವಣ ಬಿಟ್ಟುಹೋಗುತ್ತದೆ, ಗಾಜಿನ ಮೇಲಿನ ಬಿಳಿ ಚುಕ್ಕೆಗಳು ಅದೇ. ಮನೆಯವರು ಎಷ್ಟೋ ಸಲ, ನಮ್ಮಲ್ಲಿ ಸಾಫ್ಟ್‌ನರ್ ಇದೆ, ಆ ನೀರನ್ನೇ ಹಾಕಿ ಎನ್ನುತ್ತಾರೆ. ಸಾಫ್ಟ್‌ನರ್ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಜಾಗಕ್ಕೆ ಸೋಡಿಯಂ ತರುತ್ತದೆಯೇ ಹೊರತು ಒಟ್ಟು ಲವಣವನ್ನು ಕಡಿಮೆ ಮಾಡುವುದಿಲ್ಲ, ಕಲೆ ತಪ್ಪುವುದಿಲ್ಲ. ಲವಣ ಹೀರುವ ರೆಸಿನ್ ಹರಳುಗಳ ಟ್ಯಾಂಕೊಂದರಲ್ಲೇ ಇಂಥ ನೀರನ್ನು ಶುದ್ಧಗೊಳಿಸಹೊರಟರೆ ರೆಸಿನ್ ಬಹುಬೇಗ ಮುಗಿದು ಕೈ ಸುಡುತ್ತದೆ. ಮೊದಲು ಆರ್‌ಒ ಎಂಬ ಸೋಸುವ ಯಂತ್ರದ ಮೂಲಕ ಹಾಯಿಸಿ ನೂರಕ್ಕೆ 95ರಷ್ಟು ಲವಣವನ್ನು ಕಳೆದರೆ ರೆಸಿನ್‌ಗೆ ತಲುಪುವುದು 45 ಪಿಪಿಎಂ ಮಾತ್ರ. ಅಷ್ಟೇ ರೆಸಿನ್ ಸುಮಾರು ಇಪ್ಪತ್ತು ಪಟ್ಟು ನೀರಿಗೆ ಬಾಳುತ್ತದೆ. ರಾತ್ರಿಯೆಲ್ಲ ಆರ್‌ಒ ಓಡಿಸಿ ಟ್ಯಾಂಕ್ ತುಂಬಿಸಿಕೊಂಡು ಬೆಳಗ್ಗೆ ಹೊರಡುತ್ತೇವೆ. ಆರ್‌ಒ ಹೊರಹಾಕುವ ನೀರು ವಾಹನ ಮತ್ತು ನೆಲ ತೊಳೆಯಲು ಹೋಗುತ್ತದೆ.

ಆರೈಕೆಯ ಪಾಠವನ್ನು ನನಗೆ ಕಲಿಸಿದ್ದು ಬೆಂಗಳೂರಿನ ಕೆಂಪು ಧೂಳು. ಕಟ್ಟಡ ಕಾಮಗಾರಿಯ ಪಕ್ಕದ ಬಡಾವಣೆಯೊಂದರಲ್ಲಿ ಒಂದು ತಿಂಗಳು ಸತತವಾಗಿ ಕೆಲಸ ಮಾಡಿದ ಮೇಲೆ, ಹೊಸ ಕಾರ್ಬನ್ ದೋಟಿಯ ತುಂಡುಗಳು ಕರಕರ ಸದ್ದು ಮಾಡುತ್ತ, ಜಾರಲು ಬಿಗಿಯಾದವು. ಸಲೀಸಾಗಲೆಂದು ಸಹಾಯಕನೊಬ್ಬ ಯಂತ್ರಕ್ಕೆ ಹಾಕುವ ಎಣ್ಣೆಯನ್ನು ಸಿಂಪಡಿಸಿದ. ಎರಡು ದಿನ ನುಣ್ಣಗೆ ಓಡಿತು. ಆಮೇಲೆ ಆ ಎಣ್ಣೆಗೆ ಮರಳು, ಸಿಮೆಂಟ್ ಪುಡಿ ಅಂಟಿ, ಉಪ್ಪುಕಾಗದದಂತೆ ಒಳಗಿನಿಂದ ಕೋಲನ್ನು ಉಜ್ಜಿಹಾಕಿತು. ಅಂದಿನಿಂದ ನಮ್ಮ ದೋಟಿಗೆ ಎಣ್ಣೆ, ಗ್ರೀಸು, ಮೇಣ ಯಾವುದೂ ತಾಗುವುದಿಲ್ಲ, ಶುದ್ಧ ನೀರೊಂದನ್ನೇ ಬಳಸುತ್ತೇವೆ.

ದಿನದ ಕೆಲಸ ಮುಗಿದಾಗ, ಪ್ರತಿಯೊಂದು ತುಂಡನ್ನೂ ಮಡಿಸುವಾಗಲೇ ಒದ್ದೆ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಅದರ ನಡುವೆ ಜಾರಿಸುತ್ತೇವೆ. ಹಾಗೆಯೇ ಕೈಬಿಟ್ಟು ತುಂಡುಗಳನ್ನು ದಡಬಡನೆ ಬೀಳಿಸಿದರೆ ಬುಡದ ಮುಚ್ಚಳವೂ ಒಡೆಯುತ್ತದೆ, ಬೆರಳೂ ಸಿಕ್ಕಿಕೊಳ್ಳುತ್ತದೆ. ಶನಿವಾರ ಸಂಜೆ ಬುಡದ ಮುಚ್ಚಳ ತೆಗೆದು, ತುಂಡುಗಳನ್ನೆಲ್ಲ ಹೊರಗೆಳೆದು, ಒಳಗೂ ಹೊರಗೂ ನೀರು ಹಾಯಿಸಿ, ನೆರಳಿನಲ್ಲಿ ಎರಡು ಕಡೆ ಆಸರೆ ಕೊಟ್ಟು ಮಲಗಿಸಿ ಒಣಗಿಸುತ್ತೇವೆ. ಬಿಸಿಲಿನಲ್ಲಿ ಇಟ್ಟರೆ ನಾರನ್ನು ಹಿಡಿದಿಟ್ಟ ಎಪಾಕ್ಸಿ ಅಂಟು ಹಳದಿಗೆ ತಿರುಗಿ ಪುಡಿಯೇಳತೊಡಗುತ್ತದೆ. ಒರೆಸಿದ ಬಟ್ಟೆಯ ಬಣ್ಣವನ್ನು ನಾನು ತಪ್ಪದೆ ನೋಡುತ್ತೇನೆ: ಕೆಂಪಾಗಿದ್ದರೆ ಅದು ಮಣ್ಣು, ಕಪ್ಪು ಬೂದಿಯಂತಿದ್ದರೆ ಸವೆಯುತ್ತಿರುವುದು ಕೋಲೇ.

ಕ್ಲಾಂಪಿನ ತಿರುಪನ್ನು ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೆ ತಿರುಗಿಸಬಾರದು. ತುಂಡು ಜಾರಿತೆಂದು ಸಿಟ್ಟಿನಲ್ಲಿ ಬಿಗಿದರೆ ತೆಳುವಾದ ಕೊಳವೆ ಉದ್ದಕ್ಕೆ ಸೀಳುತ್ತದೆ. ಜಾರುವುದಕ್ಕೆ ಕಾರಣ ಹೆಚ್ಚಿನ ಸಲ ಕ್ಲಾಂಪಿನೊಳಗೆ ಸೇರಿದ ಮಣ್ಣಾಗಿರುತ್ತದೆಯೇ ಹೊರತು ತಿರುಪಿನ ಸಡಿಲವಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನು ತೆಗೆದ ಮೇಲೆಯೂ ಜಾರಿದರೆ ಮಾತ್ರ ತಿರುಪಿಗೆ ಕೈ ಹಾಕುತ್ತೇನೆ. ತುಂಡನ್ನು ಎಳೆಯುವಾಗ ಅದರ ಮೇಲಿರುವ ಕೊನೆಯ ಗುರುತನ್ನು ದಾಟಿಸುವುದೂ ಅಷ್ಟೇ ಅಪಾಯ. ಒಂದರೊಳಗೊಂದು ಹುದುಗಿರುವ ಭಾಗ ಕಡಿಮೆಯಾದಷ್ಟೂ ಎಲ್ಲ ಒತ್ತಡವೂ ಒಂದೇ ಅಂಚಿಗೆ ಬೀಳುತ್ತದೆ.

ಸವೆದ ಕಾರ್ಬನ್ನಿನ ಅಂಚಿನಿಂದ ಕೂದಲೆಳೆಗಿಂತ ಸಣ್ಣ ಚೂರುಗಳು ಅಂಗೈಗೆ ಸೇರಿದರೆ ದಿನಗಟ್ಟಲೆ ನೋಯುತ್ತವೆ. ಅದಕ್ಕೆ ಕೈಗವಸು ನಮ್ಮಲ್ಲಿ ಕಡ್ಡಾಯ. ಅಂಚನ್ನು ನುಣುಪು ಮಾಡುವಾಗ ನೀರು ಹಾಕಿಕೊಂಡೇ, ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡೇ ಉಜ್ಜಿ, ಒಣಗಿದ ಮೇಲೆ ತೆಳುವಾಗಿ ಎಪಾಕ್ಸಿ ಬಳಿಯುತ್ತೇವೆ. ಮೇಲ್ಮೈಯ ಗೀರಿಗೆ ಈ ಚಿಕಿತ್ಸೆ ಸಾಕು. ಬಿರುಕು ಬಿಟ್ಟ ತುಂಡಿಗೆ ಸಾಲದು. ಬೆರಳ ಗೆಣ್ಣಿನಿಂದ ಮೆಲ್ಲನೆ ತಟ್ಟುತ್ತ ಹೋದರೆ ಗಟ್ಟಿಯಾದ ಜಾಗ ಟಣ್ ಎನ್ನುತ್ತದೆ, ಪದರ ಬಿಟ್ಟ ಜಾಗ ಮಂದವಾಗಿ ಕೇಳಿಸುತ್ತದೆ. ಮಂದ ಸದ್ದು ಬಂದ ತುಂಡನ್ನು ಟೇಪು ಸುತ್ತಿ ಇನ್ನೊಂದು ವಾರ ಓಡಿಸೋಣವೆಂದು ನಾವು ನೋಡುವುದಿಲ್ಲ, ಏಕೆಂದರೆ ಅದರ ಕೆಳಗೆ ನಿಂತಿರುವವನು ನಮ್ಮವನೇ. ಎಣ್ಣೆಯಿಂದ ಹಾಳಾದ ಆ ದೋಟಿಯ ಮೂರನೆಯ ತುಂಡನ್ನು ಉದ್ದಕ್ಕೆ ಕೊಯ್ದು ಗೋಡೌನಿನ ಗೋಡೆಗೆ ತೂಗುಹಾಕಿದ್ದೇನೆ. ಹೊಸದಾಗಿ ಸೇರುವ ಪ್ರತಿಯೊಬ್ಬ ಹುಡುಗನೂ ಮೊದಲ ದಿನ ಅದರ ಒಳಮೈಯ ಗೀರುಗಳ ಮೇಲೆ ಬೆರಳಾಡಿಸಿ ನೋಡಿದ ಮೇಲೆಯೇ ಅವನ ಕೈಗೆ ಒರೆಸುವ ಬಟ್ಟೆ ಕೊಡುತ್ತೇನೆ.